ಗಾಡಿಯಕ್ಕನ ಹೊಕ್ಕುಳಿನ ಆಪರೇಷನ್

ಆ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡು ಹೋದವರು ಡಾಕ್ಟರ ಮುಖ ಮರೆಯಬಹುದು, ವಾರ್ಡಿನ ನಂಬರು ಮರೆಯಬಹುದು, ಗಾಡಿಯಕ್ಕನನ್ನು ಮಾತ್ರ ಮರೆಯುವುದಿಲ್ಲ. ವಾರ್ಡಿನಿಂದ ಥಿಯೇಟರಿನವರೆಗೆ ರೋಗಿಯನ್ನು ಮಲಗಿಸಿಕೊಂಡು ಹೋಗುವ ಚಕ್ರದ ಮಂಚಕ್ಕೆ ಅಲ್ಲಿ ಗಾಡಿ ಅಂತಲೇ ಹೆಸರು. ಹತ್ತೊಂಬತ್ತು ವರ್ಷದಿಂದ ಅದನ್ನು ತಳ್ಳಿಕೊಂಡು ಬಂದವಳಿಗೆ ಗಾಡಿಯಕ್ಕ ಎಂದು ಯಾರು ಮೊದಲು ಕರೆದರೋ, ಈಗ ಹಾಜರಿ ಪುಸ್ತಕದ ಗುಮಾಸ್ತ ಕೂಡ ಅವಳ ನಿಜವಾದ ಹೆಸರನ್ನು ಒಂದು ಗಳಿಗೆ ಯೋಚಿಸಿಯೇ ಬರೆಯಬೇಕು.

ಅವಳು ಸೇರಿದ್ದು ನೆಲ ಒರೆಸುವ ಕೆಲಸಕ್ಕೆ. ಗಾಡಿ ತಳ್ಳುವುದು ಗಂಡಸರ ಕೆಲಸ ಎಂದು ಆಗ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು. ಒಂದು ಬೆಳಿಗ್ಗೆ ಲಿಫ್ಟ್ ಕೆಟ್ಟು ನಿಂತಿತು. ಕೆಳಗೆ ಗಾಡಿಯ ಮೇಲೆ ತುಂಬು ಬಸುರಿ. ಎರಡನೇ ಮಹಡಿಯಲ್ಲಿ ಡಾಕ್ಟರು ಕೈ ತೊಳೆದುಕೊಂಡು ಕಾಯುತ್ತಿದ್ದಾರೆ. ನಡುವೆ ಉದ್ದನೆಯ ಇಳಿಜಾರಿನ ದಾರಿ. ಇದನ್ನು ಮೇಲಕ್ಕೆ ಹತ್ತಿಸುವುದು ಯಾರ ಕೆಲಸ ಎಂದು ಗಾಡಿಯ ಇಬ್ಬರು ಗಂಡಸರು ಚರ್ಚೆಗೆ ಇಳಿದಿದ್ದರು. ಅವಳು ಒರೆಸುವ ಕೋಲನ್ನು ಗೋಡೆಗೆ ಒರಗಿಸಿದಳು, ತೋಳು ಮಡಚಿದಳು, ಗಾಡಿಯ ಹಿಡಿಗೆ ಎದೆ ಕೊಟ್ಟು ತಳ್ಳಿದಳು. ಆ ಇಬ್ಬರ ಚರ್ಚೆ ಒಂದು ತೀರ್ಮಾನಕ್ಕೆ ಬರುವ ಹೊತ್ತಿಗೆ ಮೇಲೆ ಮಗು ಅಳುತ್ತಿತ್ತು. ಮರುದಿನವೇ ಅವಳ ಕೈಗೆ ಗಾಡಿ ಬಂತು.

ಅವಳ ಗಾಡಿಯ ಮೇಲೆ ಮಲಗಿದವರಿಗೆ ಅವಳು ಹೆದರಬೇಡಿ ಅನ್ನುತ್ತಿರಲಿಲ್ಲ. "ಹೆದರ್ಬೇಡಿ ಅಂದ್ರೆ ಹೆದರೋಕೆ ಏನೋ ಇದೆ ಅಂತ ಆಯ್ತಲ್ಲ," ಎನ್ನುವುದು ಅವಳ ವಾದ. ಅದರ ಬದಲು ಮುಂದೆ ಏನು ಬರುತ್ತದೆ ಅನ್ನುವುದನ್ನು ಹೇಳುತ್ತ ಹೋಗುತ್ತಿದ್ದಳು. "ಈಗ ಬಲಕ್ಕೆ ತಿರುಗ್ತೀವಿ. ಇಲ್ಲಿ ಹೊಸ್ತಿಲು, ಒಂದು ಸಣ್ಣ ಗುದ್ದು. ಈ ಬಾಗಿಲು ದಾಟಿದ್ರೆ ಚಳಿ, ಹೊದಿಕೆ ಬೇಕಿದ್ರೆ ಈಗಲೇ ಹೇಳಿ." ಮಲಗಿದವರ ಮುಷ್ಟಿ ಅಷ್ಟಕ್ಕೇ ಸಡಿಲವಾಗುತ್ತಿತ್ತು.

ಇಂಥವಳಿಗೆ ನಲವತ್ತಾರನೇ ವಯಸ್ಸಿನಲ್ಲಿ ಹೊಟ್ಟೆನೋವು ಶುರುವಾಯಿತು. ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ಹಿಡಿದು ಹಿಂಡಿದ ಹಾಗೆ, ಅಲ್ಲಿಂದ ಬೆನ್ನಿನ ಮೇಲೆ ಹೆಗಲಿನ ತನಕ. ಕರಿದದ್ದು ತಿಂದ ದಿನ ಹೆಚ್ಚು. ಗ್ಯಾಸ್ ಎಂದುಕೊಂಡು ಸೋಡಾ ಕುಡಿದಳು, ಬಿಸಿನೀರು ಕುಡಿದಳು, ಆರು ತಿಂಗಳು ಹಲ್ಲು ಕಚ್ಚಿ ತಳ್ಳಿದಳು. ಮನೆಯಲ್ಲಿ ಬಾಯಿ ಬಿಡಲಿಲ್ಲ. ಮನೆಯಲ್ಲಿದ್ದವರು ಇಬ್ಬರೇ: ಎರಡು ಕುರ್ಚಿಯ ಕ್ಷೌರದಂಗಡಿ ಇಟ್ಟುಕೊಂಡ ಗಂಡ, ಮತ್ತು ಕಣ್ಣು ಮಂದವಾದರೂ ಕಿವಿ ಮಾತ್ರ ಚುರುಕಾಗಿದ್ದ ಅತ್ತೆ. ಗಂಡನಿಗೆ ಹೇಳಿದರೆ ಸಂಜೆಯೊಳಗೆ ಇಡೀ ಬೀದಿಗೆ ಹೇಳಿದಂತೆ. ಅವನ ಕತ್ತರಿಗಿಂತ ನಾಲಿಗೆ ಚೂಪು ಎಂದು ಗಿರಾಕಿಗಳೇ ಹೇಳುತ್ತಿದ್ದರು.

ಮುಚ್ಚಿಟ್ಟದ್ದು ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಹೊರಬಿತ್ತು. ಮೊಣಕಾಲಿನ ಆಪರೇಷನ್‌ಗೆ ಹೊರಟ ನಿವೃತ್ತ ಮೇಷ್ಟರೊಬ್ಬರು ಗಾಡಿಯ ಮೇಲಿದ್ದರು. ಥಿಯೇಟರಿನ ಬಾಗಿಲಿಗೆ ಇನ್ನೂ ಹತ್ತು ಹೆಜ್ಜೆ ಇದ್ದಾಗ ನೋವು ಒಮ್ಮೆಗೇ ಹಿಡಿದುಕೊಂಡಿತು. ಅವಳು ಹಿಡಿಯನ್ನು ಬಿಗಿಯಾಗಿ ಹಿಡಿದು ನಿಂತುಬಿಟ್ಟಳು. ಹಣೆಯಿಂದ ಬೆವರು ಮೇಷ್ಟರ ಹೊದಿಕೆಯ ಮೇಲೆ ತೊಟ್ಟಿಕ್ಕಿತು.

ಮೇಷ್ಟರು ಕತ್ತೆತ್ತಿ ನೋಡಿದರು. "ಏನಮ್ಮ, ಆಪರೇಷನ್ ನನಗೋ ನಿನಗೋ?"

ಅವರನ್ನು ಒಳಗೆ ಮುಟ್ಟಿಸಿಯೇ ಅವಳು ಗೋಡೆಗೆ ಒರಗಿ ಕುಳಿತಳು. ಥಿಯೇಟರಿನ ದೊಡ್ಡ ಸಿಸ್ಟರ್, ಅಂದರೆ ಅಲ್ಲಿನ ದಾದಿಯರಿಗೆಲ್ಲ ಹಿರಿಯಳು, ಅವಳ ರಟ್ಟೆ ಹಿಡಿದು ನೇರವಾಗಿ ಸ್ಕ್ಯಾನಿಂಗ್ ಕೋಣೆಗೆ ಎಳೆದುಕೊಂಡು ಹೋದಳು. ಪಿತ್ತಕೋಶದಲ್ಲಿ ಕಲ್ಲು. ಬಟಾಣಿ ಗಾತ್ರದವು ಐದಾರು.

ಗಾಡಿಯಕ್ಕನಿಗೆ ಕಲ್ಲಿನ ಭಯವಿರಲಿಲ್ಲ. ಕಲ್ಲು ತೆಗೆಸಿಕೊಂಡ ನೂರಾರು ಜನರನ್ನು ತಳ್ಳಿದ್ದಳು. ಅವಳ ಭಯ ಗಾಡಿಯವರಿಗೆ ಕೆಲಸ ಹಂಚುವ ಮೇಲ್ವಿಚಾರಕನದು. ಹೊಟ್ಟೆ ಕೊಯ್ಸಿಕೊಂಡವಳು ಎಂದು ತಿಳಿದರೆ ಅವನು ತನ್ನನ್ನು ಗಾಡಿಯಿಂದ ಬಿಡಿಸಿ ಬಟ್ಟೆ ಒಗೆಯುವ ವಿಭಾಗಕ್ಕೆ ಕಳಿಸುತ್ತಾನೆ, ಅಲ್ಲಿ ಯಂತ್ರಗಳ ಗದ್ದಲದಲ್ಲಿ ಯಾರ ಮುಖವನ್ನೂ ನೋಡದೆ ಚಾದರ ಮಡಚುತ್ತ ಮುದುಕಿಯಾಗಬೇಕು. ಆಗ ಅವಳಿಗೆ ನೆನಪಾದದ್ದು ಹೊಸದಾಗಿ ಬಂದಿದ್ದ ಒಂದೇ ತೂತಿನ ಕೀಹೋಲ್ ಆಪರೇಷನ್. ಹೊಕ್ಕುಳಿನ ಒಳಗೇ ಒಂದು ಕೊಯ್ತ, ಅದೊಂದರಿಂದಲೇ ಎಲ್ಲ ಕೆಲಸ. ಗಾಯ ಹೊಕ್ಕುಳಿನ ಮಡಿಕೆಯಲ್ಲಿ ಮುಚ್ಚಿಹೋಗುತ್ತದೆ, ಹೊರಗೆ ಗುರುತೇ ಇರುವುದಿಲ್ಲ.

ಅದನ್ನು ಮಾಡುತ್ತಿದ್ದವರು ಒಬ್ಬರೇ. ಗಿಡ್ಡನೆಯ ಹೆಣ್ಣುಮಗಳು, ಥಿಯೇಟರಿನಲ್ಲಿ ಕಾಲಡಿಗೆ ಮರದ ಮಣೆ ಇಟ್ಟುಕೊಂಡು ನಿಲ್ಲುವವರು. ಎಲ್ಲರಿಗೂ ಅವರು ಡಾಕ್ಟರಮ್ಮ. ಗಾಡಿಯಕ್ಕ ಅವರ ಕೋಣೆಗೆ ಹೋಗಿ ಬಾಗಿಲಲ್ಲೇ ನಿಂತಳು.

"ಕೂತ್ಕೊಳ್ಳಿ ಅಕ್ಕ," ಎಂದರು ಡಾಕ್ಟರಮ್ಮ.

ರೋಗಿಯ ಕುರ್ಚಿಯಲ್ಲಿ ಅವಳು ಕುಳಿತದ್ದು ಅದೇ ಮೊದಲು. ಅದು ಇಷ್ಟು ತಗ್ಗಾಗಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

"ಹೊಕ್ಕುಳಲ್ಲೇ ಮಾಡಿಬಿಡಿ ಡಾಕ್ಟರಮ್ಮ. ಒಂದೇ ಕಡೆ. ಹೊರಗೆ ಕಾಣದ ಹಾಗೆ."

"ಯಾಕೆ ಕಾಣಬಾರದು?"

"ಯಾರಿಗೂ ಗೊತ್ತಾಗಬಾರದು."

"ಹೊಟ್ಟೆನೋವು ಹೋಗೋಕೆ ಮಾಡಿಸ್ಕೊಳ್ತೀರೋ, ಗೊತ್ತಾಗದೇ ಇರೋಕೆ ಮಾಡಿಸ್ಕೊಳ್ತೀರೋ?"

ಡಾಕ್ಟರಮ್ಮ ಔಷಧಿ ಚೀಟಿಯ ಹಿಂಬದಿಯಲ್ಲಿ ಒಂದು ಹೊಟ್ಟೆ ಬರೆದರು. ಅದರ ಮೇಲೆ ನಾಲ್ಕು ಚುಕ್ಕೆ ಇಟ್ಟರು.

"ಸಾಮಾನ್ಯವಾಗಿ ಹೀಗೆ. ನಾಲ್ಕು ಸಣ್ಣ ತೂತು. ಒಂದರಲ್ಲಿ ಕ್ಯಾಮೆರಾ, ಉಳಿದದ್ದರಲ್ಲಿ ಸಲಕರಣೆ. ಒಂದೊಂದೂ ಒಂದೊಂದು ಕಡೆಯಿಂದ ಬರೋದ್ರಿಂದ ನನ್ನ ಕೈಗೆ ಜಾಗ ಇರುತ್ತೆ." ಆಮೇಲೆ ಹೊಕ್ಕುಳಿನ ಜಾಗದಲ್ಲಿ ಒಂದು ಗೆರೆ ಎಳೆದರು. "ನೀವು ಕೇಳ್ತಿರೋದು ಇದು. ಹೆಬ್ಬೆರಳ ಅಗಲದ ಒಂದೇ ಕೊಯ್ತ. ಎಲ್ಲಾ ಅದರಲ್ಲೇ ಹೋಗಬೇಕು. ಒಂದೇ ಬಾಗಿಲಲ್ಲಿ ನಾಲ್ಕು ಜನ ಒಟ್ಟಿಗೆ ನುಗ್ಗಿದ ಹಾಗೆ, ಮೊಣಕೈ ಮೊಣಕೈ ತಾಗುತ್ತೆ. ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತೆ."

"ನೋವು ಕಮ್ಮಿ ಅಂತಾರಲ್ಲ?"

"ಎಷ್ಟೋ ಜನ ಅಂತಾರೆ. ನಾನು ಕಂಡ ಹಾಗೆ ದೊಡ್ಡ ವ್ಯತ್ಯಾಸ ಏನಿಲ್ಲ. ಮನೆಗೆ ಹೋಗೋದೂ ಎರಡರಲ್ಲೂ ಹೆಚ್ಚುಕಮ್ಮಿ ಅಷ್ಟೇ ದಿನಕ್ಕೆ. ನಿಜವಾದ ಲಾಭ ಗುರುತು ಕಾಣಲ್ಲ ಅನ್ನೋದು. ಅದಕ್ಕೆ ಬದಲು ಹೊಕ್ಕುಳಿನ ಕೊಯ್ತ ದೊಡ್ಡದು, ಮುಂದೆ ಅಲ್ಲಿ ಹರ್ನಿಯಾ ಆಗೋ ಸಂಭವ ಸ್ವಲ್ಪ ಜಾಸ್ತಿ. ಅಂದ್ರೆ ಒಳಗಿನ ಪದರ ಬಿಟ್ಟುಕೊಂಡು ಕರುಳು ಉಬ್ಬಿ ಬರೋದು. ನಿಮ್ಮದು ತಳ್ಳೋ ಕೆಲಸ. ಆರು ವಾರ ಗಾಡಿ ಮುಟ್ಟೋ ಹಾಗಿಲ್ಲ. ಮುಟ್ತೀನಿ ಅನ್ನೋದಾದ್ರೆ ನಾನು ಇದನ್ನ ಮಾಡಲ್ಲ."

ಇಷ್ಟು ನೇರವಾಗಿ ಯಾರೂ ಅವಳ ಜೊತೆ ಮಾತಾಡಿರಲಿಲ್ಲ. ಅವಳಿಗೂ ಧೈರ್ಯ ಬಂತು. "ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ಇಂಥದ್ದು ನೀವು ಎಷ್ಟು ಮಾಡಿದ್ದೀರಿ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಬೇಜಾರು ಮಾಡಿಕೊಂಡರೇನೋ ಎಂದು ಇವಳು ಕುರ್ಚಿಯಿಂದ ಅರ್ಧ ಎದ್ದಳು. ಅವರು ನಗುತ್ತಿದ್ದರು.

"ಅರವತ್ತೆರಡು. ಅದರಲ್ಲಿ ಏಳು ಜನಕ್ಕೆ ಮಧ್ಯದಲ್ಲಿ ಇನ್ನೊಂದು ತೂತು ಹಾಕಬೇಕಾಯ್ತು. ಒಬ್ಬರಿಗೆ ಹೊಟ್ಟೆ ತೆರೆದೇ ಮಾಡಿದೆ. ಒಳಗೆ ಸರಿಯಾಗಿ ಕಾಣದೇ ಇದ್ರೆ ನಿಮಗೂ ಹಾಗೇ ಮಾಡ್ತೀನಿ. ಅದಕ್ಕೂ ಒಪ್ಪಿಗೆ ಇದ್ರೆ ಮಾತ್ರ ಸಹಿ ಹಾಕಿ."

ಮನೆಯಲ್ಲಿ ಇನ್ನು ಹೇಳದೆ ವಿಧಿಯಿರಲಿಲ್ಲ. ಊಟ ಮುಗಿದ ಮೇಲೆ ಹೇಳಿದಳು. ಅತ್ತೆ ಅಂಗೈಯನ್ನು ಕಿವಿಗೆ ಕೊಟ್ಟು ಎರಡು ಸಲ ಕೇಳಿಸಿಕೊಂಡರು, ಅಷ್ಟು ಚೆನ್ನಾಗಿ ಕೇಳಿಸಿಯೂ.

"ಹೊಕ್ಕುಳಲ್ಲಾ? ಹುಟ್ಟಿದ ದಿನ ಕಟ್ಟಿ ಮುಚ್ಚಿದ ಬಾಗಿಲು ಅದು. ಈಗ ಹೋಗಿ ತೆಗೀತಾರಾ?"

"ತೆಗೆದು ಮತ್ತೆ ಮುಚ್ತಾರೆ ಅತ್ತೆ."

"ಮುಚ್ತಾರಾ ಅಂತ ನಿಂತು ನೋಡೋರು ಯಾರು? ನಿನಗೆ ಎಚ್ಚರ ಇರಲ್ಲ."

ಗಂಡ ಮರುದಿನ ಅಂಗಡಿಯಿಂದ ಒಂದು ಹೊರೆ ಅಭಿಪ್ರಾಯ ಹೊತ್ತುಕೊಂಡು ಬಂದ. ಗಡ್ಡ ಮಾಡಿಸಿಕೊಳ್ಳಲು ಬಂದ ಬಸ್ ಡ್ರೈವರು ಇದೆಲ್ಲ ಯಂತ್ರಮಾನವ ಮಾಡುವುದು, ಡಾಕ್ಟರು ಪಕ್ಕದ ಕೋಣೆಯಲ್ಲಿ ಚಹಾ ಕುಡಿಯುತ್ತಿರುತ್ತಾರೆ ಎಂದಿದ್ದ. ತಲೆಗೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದ ದಲ್ಲಾಳಿ, ಬೆಳಕಿನಿಂದ ಕಲ್ಲು ಕರಗಿಸಿ ಕೊಳವೆಯಲ್ಲಿ ಹೀರುತ್ತಾರೆ, ಪಿತ್ತಕೋಶ ಹಾಗೇ ಉಳಿಯುತ್ತದೆ ಎಂದಿದ್ದ. ಇನ್ನೊಬ್ಬ, ತೂತು ಹೆಚ್ಚಿದ್ದಷ್ಟೂ ಗಾಳಿಯಾಡುತ್ತದೆ, ನಾಲ್ಕೇ ವಾಸಿ ಎಂದು ತೀರ್ಪು ಕೊಟ್ಟಿದ್ದ.

"ಪಿತ್ತಕೋಶ ಪೂರ್ತಿ ತೆಗೀತಾರೆ ರೀ," ಎಂದಳು ಗಾಡಿಯಕ್ಕ. "ಬರೀ ಕಲ್ಲು ತೆಗೆದ್ರೆ ಮತ್ತೆ ಬೆಳೆಯುತ್ತೆ. ಮಾಡೋದು ಡಾಕ್ಟರಮ್ಮನೇ, ಮಣೆ ಮೇಲೆ ನಿಂತ್ಕೊಂಡು."

"ಹಾಗಾದ್ರೆ ಒಂದಾ ನಾಲ್ಕಾ? ನಾಳೆ ಅಂಗಡೀಲಿ ಕೇಳ್ತಾರೆ."

"ಒಂದು. ಹೊಟ್ಟೆ ಮೇಲೆ ಗುರುತು ಬೇಡ ಅನ್ನೋದು ನನ್ನ ಆಸೆ. ಆಸೆ ಅಂತ ಗೊತ್ತಿದ್ದೇ ಮಾಡಿಸ್ಕೊಳ್ತೀನಿ. ಎರಡಾದ್ರೂ ನಾಲ್ಕಾದ್ರೂ ಆಗಬಹುದು ಅಂತ ಸಹಿ ಹಾಕಿದ್ದೀನಿ, ಅದನ್ನೂ ಅಂಗಡೀಲಿ ಹೇಳಿ."

ಆ ಸಹಿ ಅವಳು ಸುಮ್ಮನೆ ಹಾಕಿದ್ದಲ್ಲ. ಒಪ್ಪಿಗೆ ಪತ್ರವನ್ನು ರೋಗಿಯ ಎದೆಯ ಮೇಲೆ ಇಟ್ಟು ಸಾವಿರಾರು ಸಲ ತಳ್ಳಿದ್ದವಳು, ಅದರಲ್ಲಿ ಏನು ಬರೆದಿದೆ ಎಂದು ಒಮ್ಮೆಯೂ ಓದಿರಲಿಲ್ಲ. ಈ ಸಲ ದೊಡ್ಡ ಸಿಸ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಲು ಸಾಲಾಗಿ ಓದಿಸಿದ್ದಳು. ರಕ್ತ ಹೋಗಬಹುದು, ಕೀವಾಗಬಹುದು, ಪಿತ್ತದ ನಾಳಕ್ಕೆ ಏಟಾಗಬಹುದು. ಓದುತ್ತಿದ್ದ ಸಿಸ್ಟರಿಗೇ ಸಂಕೋಚವಾಯಿತು. "ಇದೆಲ್ಲ ಅಪರೂಪ ಗಾಡಿಯಕ್ಕ." "ಅಪರೂಪ ಅಂತ ಗೊತ್ತಾಗೋದೂ ಓದಿದ್ರೇ ತಾನೆ," ಎಂದು ಇವಳು ಮುಂದಿನ ಸಾಲಿಗೆ ಬೆರಳಿಟ್ಟಳು.

ಆಪರೇಷನ್ ದಿನ ಬೆಳಿಗ್ಗೆ ಅವಳನ್ನು ಅವಳದೇ ಗಾಡಿಯ ಮೇಲೆ ಮಲಗಿಸಿದರು. ತಳ್ಳಲು ಬಂದವನು ಅವಳ ಜೊತೆಗಾರ, ಉದ್ದಣ್ಣ ಎಂದು ಕರೆಯುವ ಆರಡಿ ಮನುಷ್ಯ. ಹತ್ತೊಂಬತ್ತು ವರ್ಷ ಆ ಓಣಿಯಲ್ಲಿ ನಡೆದಿದ್ದರೂ ಅದರ ಚಾವಣಿಯನ್ನು ಅವಳು ನೋಡಿದ್ದು ಅಂದೇ. ಟ್ಯೂಬ್‌ಲೈಟುಗಳು ಒಂದರ ಹಿಂದೊಂದು ಸರಿದುಹೋಗುತ್ತಿದ್ದವು. ಎಕ್ಸ್‌ರೇ ಕೋಣೆಯ ಮುಂದೆ ನೀರು ಸೋರಿದ ಕಲೆ, ಅದರ ಪಕ್ಕ ಜೇಡರ ಬಲೆ. ಉದ್ದಣ್ಣ ತುಟಿ ಬಿಗಿದು ತಳ್ಳುತ್ತಿದ್ದ.

"ಬಾಯಿ ಬಿಟ್ಟು ಹೇಳೋ, ಎಲ್ಲಿಗೆ ತಿರುಗ್ತೀಯ ಅಂತ!"

"ನಿನಗೆ ಗೊತ್ತಲ್ಲ ಅಕ್ಕ?"

"ಮಲಗಿದ ಮೇಲೆ ಯಾರಿಗೂ ಏನೂ ಗೊತ್ತಿರಲ್ಲ ಕಣೋ. ಹೇಳು."

ಉದ್ದಣ್ಣ ಗಂಟಲು ಸರಿಮಾಡಿಕೊಂಡ. "ಈಗ... ಎಡಕ್ಕೆ." ಅವಳು ಕಣ್ಣು ಮುಚ್ಚಿ ನಕ್ಕಳು. ಒಳಗೆ ಚಳಿ. ಯಾರೋ ಹೊಕ್ಕುಳನ್ನು ಹತ್ತಿಯಿಂದ ತಿಕ್ಕಿ ತಿಕ್ಕಿ ತೊಳೆದರು. ಅರಿವಳಿಕೆ ಡಾಕ್ಟರು ಮೂಗಿನ ಮೇಲೆ ಮುಖವಾಡ ಇಟ್ಟು ಜೋರಾಗಿ ಉಸಿರೆಳೆಯಲು ಹೇಳಿದರು. ಮೂರನೇ ಉಸಿರು ಅವಳಿಗೆ ನೆನಪಿಲ್ಲ.

ಎಚ್ಚರವಾದಾಗ ಗಂಟಲು ಒಣಗಿತ್ತು, ಹೊಟ್ಟೆಗಿಂತ ಹೆಗಲು ಹೆಚ್ಚು ನೋಯುತ್ತಿತ್ತು. ಹೊಟ್ಟೆಯನ್ನು ಉಬ್ಬಿಸಲು ತುಂಬಿದ ಗಾಳಿಯ ಕಾಟ ಅದು, ಎರಡು ದಿನದಲ್ಲಿ ಹೋಗುತ್ತದೆ, ಎದ್ದು ಓಡಾಡಿದರೆ ಬೇಗ ಹೋಗುತ್ತದೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಹೊದಿಕೆ ಎತ್ತಿ ನೋಡಿಕೊಂಡಳು. ಹೊಕ್ಕುಳ ಮೇಲೆ ಒಂದು ಪಟ್ಟಿ. ಬಲ ಪಕ್ಕೆಯ ಕೆಳಗೆ ಇನ್ನೊಂದು, ಚಿಕ್ಕದು.

ಗಂಡ ಆಗಲೇ ಬಾಗಿಲಲ್ಲಿ ಡಾಕ್ಟರಮ್ಮನನ್ನು ತಡೆದು ನಿಲ್ಲಿಸಿದ್ದ. "ಒಂದು ಅಂದಿದ್ರಿ, ಎರಡು ಇದೆ! ನಾನು ಇಡೀ ಅಂಗಡಿಗೆ ಒಂದು ಅಂತ ಹೇಳಿದ್ದೀನಿ."

"ರೀ, ಸುಮ್ಮನಿರಿ," ಎಂದಳು ಗಾಡಿಯಕ್ಕ, ನಗು ತಡೆಯಲಾರದೆ. ನಕ್ಕರೆ ಹೊಲಿಗೆ ಚುರುಕ್ಕೆನ್ನುತ್ತಿತ್ತು. ಹೊಟ್ಟೆಯ ಮೇಲೆ ದಿಂಬು ಒತ್ತಿ ಹಿಡಿದು ಮತ್ತೆ ನಕ್ಕಳು.

ಡಾಕ್ಟರಮ್ಮ ಮಂಚದ ಅಂಚಿಗೆ ಕುಳಿತರು. "ಪಿತ್ತಕೋಶದ ಕುತ್ತಿಗೆ ಅಂಟಿಕೊಂಡಿತ್ತು ಅಕ್ಕ. ಆರು ತಿಂಗಳು ಸುಮ್ಮನಿದ್ರಲ್ಲ, ಅದರ ಫಲ. ನಾಳ ಎಲ್ಲಿದೆ ಅಂತ ಸ್ಪಷ್ಟವಾಗಿ ಕಾಣಲಿಲ್ಲ. ಕಾಣದೇ ಇದ್ದದ್ದನ್ನ ನಾನು ಕತ್ತರಿಸಲ್ಲ. ಇನ್ನೊಂದು ತೂತು ಹಾಕಿದೆ, ಕಾಣಿಸ್ತು, ಕೆಲಸ ಆಯ್ತು."

"ಒಳ್ಳೇದು ಮಾಡಿದ್ರಿ," ಎಂದಳು ಗಾಡಿಯಕ್ಕ. ಆ ಮಾತು ಅವಳ ಹೊಟ್ಟೆಯಿಂದಲೇ ಬಂದಿತ್ತು. ಇನ್ನೊಂದು ತೂತು ಹಾಕಿಸಿಕೊಂಡ ಆ ಏಳು ಜನರ ಸಾಲಿಗೆ ಎಂಟನೆಯವಳಾಗಿದ್ದಕ್ಕೆ ಅವಳಿಗೆ ಒಂದು ಚೂರೂ ಬೇಸರವಾಗಲಿಲ್ಲ. ಸಂಜೆಯ ಹೊತ್ತಿಗೆ ಗೋಡೆ ಹಿಡಿದು ಓಣಿಯ ತುದಿಯವರೆಗೆ ನಡೆದಳು. ವಾರ್ಡಿನ ಉಳಿದ ರೋಗಿಗಳು ತಲೆ ಎತ್ತಿ ನೋಡಿದರು. ಅವರಲ್ಲಿ ಇಬ್ಬರು ತಾವೂ ಕಾಲು ಕೆಳಗಿಟ್ಟರು.

ಮರುದಿನ ಮನೆಗೆ ಬಂದಾಗ ಅತ್ತೆ ಅಧಿಕಾರ ವಹಿಸಿಕೊಂಡರು. ನಿಂತು ನೋಡುವವರು ಯಾರು ಎಂದು ಕೇಳಿದ್ದವರು ಈಗ ತಾವೇ ನಿಂತರು. ಜ್ವರ ಬಂದರೆ, ಹೊಟ್ಟೆನೋವು ಏರುತ್ತ ಹೋದರೆ, ಕಣ್ಣು ಹಳದಿಯಾದರೆ, ಗಾಯದಿಂದ ಕೀವು ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಬರಬೇಕು ಎಂದು ಸಿಸ್ಟರ್ ಹೇಳಿ ಕಳಿಸಿದ್ದನ್ನು ಗಂಡನ ಬಾಯಿಂದ ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು. ದಿನಾ ಬೆಳಿಗ್ಗೆ ಸೊಸೆಯನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ತಮ್ಮ ಮಂದಗಣ್ಣನ್ನು ಅವಳ ಮೂಗಿನ ತನಕ ತಂದು, ಕಣ್ಣಿನ ಬಿಳಿ ಬಿಳಿಯಾಗಿಯೇ ಇದೆಯೇ ಎಂದು ಪರೀಕ್ಷಿಸುತ್ತಿದ್ದರು. ಒಂದು ದಿನ ಸೊಸೆ ತುಂಬಿದ ಬಕೆಟ್ಟಿಗೆ ಕೈಹಾಕಿದ್ದನ್ನು ಸದ್ದಿನಿಂದಲೇ ಹಿಡಿದರು. ಬಂದವರೇ ಬಕೆಟ್ಟಿನ ಮೇಲೆ ಹಲಗೆ ಇಟ್ಟು ಅದರ ಮೇಲೆ ಕುಳಿತುಬಿಟ್ಟರು. "ಈಗ ಎತ್ತು ನೋಡೋಣ, ನನ್ನ ಸಮೇತ!"

ಹನ್ನೆರಡನೇ ದಿನ ಮೇಲ್ವಿಚಾರಕನ ಫೋನ್ ಬಂತು. ಮುಚ್ಚಿಡಬೇಕೆಂದಿದ್ದ ವಿಷಯ ಅವನಿಗೆ ಎಂದೋ ತಿಳಿದಿತ್ತು. ಅವನು ಗಡ್ಡ ಮಾಡಿಸುತ್ತಿದ್ದದ್ದೂ ಗಂಡನ ಅಂಗಡಿಯಲ್ಲೇ.

"ಕೀಹೋಲ್ ತಾನೆ? ಬೀಗದ ಕಿಂಡಿಯಷ್ಟು ಗಾಯ. ಹತ್ತು ದಿನ ಸಾಕಲ್ಲ. ನಾಳೆಯಿಂದ ಗಾಡಿಗೆ ಬಾ."

ಒಂದು ತಿಂಗಳ ಹಿಂದಿನ ಗಾಡಿಯಕ್ಕನಾಗಿದ್ದರೆ ಹೋಗಿಯೇಬಿಡುತ್ತಿದ್ದಳು. "ಸಾರ್, ಹೊರಗಿನ ಚರ್ಮ ಹತ್ತು ದಿನಕ್ಕೆ ಕೂಡಿಕೊಳ್ಳುತ್ತೆ. ಒಳಗಿನ ಪದರಕ್ಕೆ ಆರು ವಾರ ಬೇಕು. ಗಾಯ ಚಿಕ್ಕದು ಅಂತ ಆಪರೇಷನ್ ಚಿಕ್ಕದಲ್ಲ. ಒಳಗೆ ಒಂದು ಅಂಗಾನೇ ತೆಗೆದಿದ್ದಾರೆ. ಕೂತು ಮಾಡೋ ಕೆಲಸ ಇದ್ರೆ ನಾಳೆನೇ ಬರ್ತೀನಿ, ಗಾಡಿ ಮಾತ್ರ ಮುಟ್ಟಲ್ಲ. ಡಾಕ್ಟರಮ್ಮನ ಚೀಟಿ ಇದೆ."

ಕೊನೆಗೆ ಅವಳನ್ನು ಆಪರೇಷನ್‌ಗೆ ಕಾಯುವವರ ಹಾಲಿನಲ್ಲಿ ಒಂದು ಕುರ್ಚಿಯ ಮೇಲೆ ಕೂರಿಸಿದರು. ಬಂದವರ ಹೆಸರಿಗೂ ಕಡತಕ್ಕೂ ತಾಳೆ ನೋಡುವುದು, ಕರೆದಾಗ ಎಬ್ಬಿಸುವುದು, ಅಷ್ಟೇ ಕೆಲಸ. ಗೋಡೆಗೆ ಸಾಲಾಗಿ ಬೆಂಚು, ಮೂಲೆಯಲ್ಲಿ ನೀರಿನ ಪೀಪಾಯಿ, ಒಂದು ಗಡಿಯಾರ. ಆ ಬೆಂಚುಗಳ ಮೇಲೆ ಜನ ಮಾತಾಡದೆ ಕುಳಿತಿರುತ್ತಿದ್ದರು, ಇಲ್ಲವೇ ಪಕ್ಕದವರಿಗೆ ಪಿಸುಗುಟ್ಟುತ್ತಿದ್ದರು. ಕೀಹೋಲ್ ಅಂದರೆ ಅರಿವಳಿಕೆ ಇಲ್ಲವಂತೆ. ಒಂದೇ ತೂತಿನದು ಎಲ್ಲರಿಗೂ ಮಾಡುತ್ತಾರಂತೆ, ಪರಿಚಯ ಇದ್ದರೆ. ಎಚ್ಚರವಾದ ಕೂಡಲೇ ಓಡಬಹುದಂತೆ. ಗಾಡಿಯಕ್ಕನ ಕಿವಿಗೆ ಇವೆಲ್ಲ ಗಂಡನ ಅಂಗಡಿಯ ಮಾತುಗಳಂತೆಯೇ ಕೇಳಿದವು. ಎರಡು ದಿನ ತಡೆದುಕೊಂಡಳು. ಮೂರನೇ ದಿನ ಕುರ್ಚಿ ತಿರುಗಿಸಿ ಬೆಂಚಿನ ಕಡೆ ಮುಖ ಮಾಡಿ ಕುಳಿತಳು.

"ನಂದು ಆಗಿ ಎರಡು ವಾರ ದಾಟ್ತು," ಎಂದಳು. "ಒಂದು ಅಂತ ಹೋದೆ, ಎರಡಾಯ್ತು. ಏನು ಕೇಳಬೇಕೋ ಕೇಳಿ. ನನಗೆ ಗೊತ್ತಿದ್ರೆ ಹೇಳ್ತೀನಿ, ಗೊತ್ತಿಲ್ಲದೇ ಇದ್ರೆ ಡಾಕ್ಟರಮ್ಮನ ಹತ್ರ ನೀವೇ ಕೇಳೋ ಹಾಗೆ ಮಾಡ್ತೀನಿ."

ಆಮೇಲೆ ಅವಳಿಗೆ ನೀರು ಕುಡಿಯಲೂ ಪುರಸೊತ್ತಿಲ್ಲದಂತಾಯಿತು. ಸೀನು ಬಂದರೆ ಹೊಲಿಗೆ ಬಿಚ್ಚುತ್ತದೆಯೇ? ಬಿಚ್ಚಲ್ಲ, ದಿಂಬು ಒತ್ತಿ ಹಿಡೀರಿ. ಹಿಂದೆ ಹೊಟ್ಟೆ ಕೊಯ್ಸಿಕೊಂಡವರಿಗೆ ಇದು ಆಗುತ್ತದೆಯೇ? ಕೆಲವರಿಗೆ ಆಗಲ್ಲ, ಹಳೇ ಗಾಯ ತೋರಿಸಿ ಕೇಳಿ. ಬೆಳಿಗ್ಗೆ ಒಂದೇ ಒಂದು ಬಿಸ್ಕತ್ತು ತಿಂದಿದ್ದನ್ನು ಹೇಳಬೇಕೇ? ಹೇಳಲೇಬೇಕು. ಬಿಸ್ಕತ್ತು ಹೊಟ್ಟೆಯಿಂದ ಗಂಟಲಿಗೆ ಬಂದು ಉಸಿರಿನ ದಾರಿಗೆ ಇಳಿದರೆ ಜೀವಕ್ಕೇ ಕುತ್ತು ಬರುತ್ತದೆ.

ಮೂರನೇ ವಾರದಲ್ಲೇ ಒಂದು ದಿನ ಅಂಗಡಿಗಳ ಬೋರ್ಡು ಬರೆಯುವವನೊಬ್ಬ ಹೆಂಡತಿಯ ಜೊತೆ ಬಂದು ಕುಳಿತ. ಐವತ್ತೈದರ ಆಸುಪಾಸು, ಉಗುರಿನ ಸಂದಿಯಲ್ಲಿ ನೀಲಿ ಬಣ್ಣ. ಅವನಿಗೂ ಪಿತ್ತಕೋಶ, ಅಂದು ಎರಡನೇ ಸರದಿ. ಹೆಗಲು ನೋವು ಎಷ್ಟು ದಿನ ಇರುತ್ತದೆ, ಏಣಿ ಯಾವಾಗ ಹತ್ತಬಹುದು ಎಂದು ಕೇಳಿದ. ಗಾಡಿಯಕ್ಕ ಹೇಳುತ್ತ ಹೇಳುತ್ತ ಅವನ ಹೆಂಡತಿಯ ಮಡಿಲಲ್ಲಿದ್ದ ಸಣ್ಣ ಬಟ್ಟೆಚೀಲ ನೋಡಿದಳು. ಹೆಂಗಸು ಅದನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದಿದ್ದಳು.

"ಅದರಲ್ಲಿ ಏನಮ್ಮ, ಮಾತ್ರೆನಾ?"

ಹೆಂಡತಿ ಗಂಡನ ಮುಖ ನೋಡಿದಳು. ಅವನು ಗಡಿಯಾರ ನೋಡಿದ.

"ಯಾವುದೋ ಹಳೇದು," ಎಂದ. "ನಾಲ್ಕು ವರ್ಷದ ಹಿಂದೆ ಎದೆಗೆ ಸ್ಟೆಂಟ್ ಹಾಕಿದ್ರು. ಆವತ್ತಿಂದ ದಿನಾ ಒಂದು ತಗೋತೀನಿ. ಹೊಟ್ಟೆಗೂ ಎದೆಗೂ ಏನು ಸಂಬಂಧ ಅಕ್ಕ? ಹೇಳಿದ್ರೆ ಆಪರೇಷನ್ ಬೇಡ ಅಂದುಬಿಡ್ತಾರೆ. ಈ ನೋವು ಇನ್ನು ನನ್ನಿಂದ ಆಗಲ್ಲ."

"ಇವತ್ತೂ ತಗೊಂಡ್ರಾ?"

"ತಗೊಂಡೆ."

"ರಕ್ತ ತೆಳು ಮಾಡೋದಾ?"

ಅವನಿಗೆ ಗೊತ್ತಿರಲಿಲ್ಲ. ಹೆಂಡತಿ ಚೀಲ ಬಿಚ್ಚಿ ಮಾತ್ರೆಯ ಪಟ್ಟಿ ಕೊಟ್ಟಳು. ಗಾಡಿಯಕ್ಕ ಅದನ್ನು ಹಿಡಿದು ಎದ್ದಳು. ಓಡಬಾರದು ಎಂದು ಡಾಕ್ಟರಮ್ಮ ಹೇಳಿದ್ದರು. ಅವಳು ಓಡಲಿಲ್ಲ, ಆದರೆ ಅಂಥ ನಡಿಗೆಯನ್ನು ಆ ಓಣಿ ಹಿಂದೆಂದೂ ಕಂಡಿರಲಿಲ್ಲ. ದೊಡ್ಡ ಸಿಸ್ಟರ್ ಪಟ್ಟಿ ಓದಿದಳು, ಒಳಗೆ ಹೋದಳು. ಎರಡು ನಿಮಿಷದಲ್ಲಿ ಅರಿವಳಿಕೆ ಡಾಕ್ಟರು ತಾವೇ ಹೊರಗೆ ಬಂದರು. ಬೋರ್ಡು ಬರೆಯುವವನ ಕಡತದಲ್ಲಿ ಮಾತ್ರೆಯ ಕಾಲಂ ಮುಂದೆ 'ಇಲ್ಲ' ಎಂದು ಬರೆದಿತ್ತು. ಅವನು ಹಾಗೆ ಹೇಳಿದ್ದ, ಅವರು ಹಾಗೆ ಬರೆದುಕೊಂಡಿದ್ದರು.

ಅಂದಿನ ಆಪರೇಷನ್ ನಿಂತಿತು. ಬೋರ್ಡು ಬರೆಯುವವನು ಗಾಡಿಯಕ್ಕನ ಮೇಲೆ ಹರಿಹಾಯ್ದ. "ನಂಬಿ ಹೇಳಿದ್ದಕ್ಕೆ ಒಳ್ಳೇ ಕೆಲಸ ಮಾಡಿದ್ರಿ!" ಅವಳು ಅವನ ಹೆಂಡತಿಗೆ ಒಂದು ಲೋಟ ನೀರು ಕೊಟ್ಟಳು. ಡಾಕ್ಟರಮ್ಮ ಬಂದು ಅವನ ಪಕ್ಕ ಬೆಂಚಿನ ಮೇಲೇ ಕುಳಿತರು. ಆ ಮಾತ್ರೆ ಮೈಯಲ್ಲಿದ್ದಾಗ ಕೊಯ್ದರೆ ರಕ್ತ ನಿಲ್ಲಿಸುವುದು ಕಷ್ಟ, ಹಾಗೆಂದು ತಾನಾಗಿಯೇ ಬಿಟ್ಟರೆ ಎದೆಗೆ ಅಪಾಯ, ಎಷ್ಟು ದಿನ ಬಿಡಬೇಕು ಎಂದು ಹೃದಯದ ಡಾಕ್ಟರು ಹೇಳಬೇಕು ಎಂದು ವಿವರಿಸಿದರು. "ನಿಮಗೆ ಆಪರೇಷನ್ ಮಾಡೇ ಮಾಡ್ತೀನಿ. ನಿಮ್ಮ ಹೃದಯದ ಜೊತೆ ಮಾತಾಡಿಕೊಂಡು ಮಾಡ್ತೀನಿ." ಅವನ ಭುಜ ಕುಸಿಯಿತು. ಸ್ವಲ್ಪ ಹೊತ್ತಿನ ಮೇಲೆ ಗಾಡಿಯಕ್ಕನ ಕಡೆ ನೋಡಿದ, ಚೀಲ ತೆಗೆದುಕೊಂಡು ಹೊರಟ.

ಹನ್ನೊಂದು ದಿನದ ಮೇಲೆ ಅವನು ಮತ್ತೆ ಬಂದ. ಒಂದೇ ತೂತು ನಿಮಗೆ ಬೇಡ, ನನಗೆ ಕೈಯಾಡಿಸಲು ಜಾಗ ಬೇಕು ಎಂದು ಡಾಕ್ಟರಮ್ಮ ಹೇಳಿದ್ದಕ್ಕೆ, ನಾಲ್ಕು ಹಾಕಿ, ಐದು ಬೇಕಿದ್ದರೂ ಹಾಕಿ ಎಂದ. ಮೂರನೇ ದಿನ ತನ್ನ ಕಾಲ ಮೇಲೆ ನಡೆದು ಮನೆಗೆ ಹೋದ. ವಾರ ಕಳೆದು ಅವನ ಹೆಂಡತಿ ಕಾಗದದಲ್ಲಿ ಸುತ್ತಿದ ಒಂದು ಹಲಗೆ ತಂದು ಗಾಡಿಯಕ್ಕನ ಮುಂದೆ ಇಟ್ಟಳು. ಬಿಳಿ ಹಲಗೆ, ಕೆಂಪು ಅಂಚು, ಎದ್ದು ಕಾಣುವ ನೀಲಿ ಅಕ್ಷರ: "ಮುಚ್ಚಿಡಬೇಡಿ. ತಿಂದದ್ದು, ನುಂಗಿದ ಮಾತ್ರೆ, ಹಳೆಯ ಕಾಯಿಲೆ ಎಲ್ಲ ಹೇಳಿ. ಕೇಳಲು ನಾಚಬೇಡಿ." ಕುಳಿತೇ ಬರೆದದ್ದು, ಏಣಿ ಹತ್ತಿಲ್ಲ ಎಂದು ಹೆಂಡತಿ ಒತ್ತಿ ಹೇಳಿದಳು. ಹಲಗೆಯನ್ನು ಗೋಡೆಗೆ ಹೊಡೆಯಲು ಮೊಳೆ ಹಿಡಿದು ನಿಂತವನು ಮೇಲ್ವಿಚಾರಕನೇ. ಸುತ್ತಿಗೆ ಉದ್ದಣ್ಣನ ಕೈಯಲ್ಲಿತ್ತು.

ಆರನೇ ವಾರ ಮುಗಿದಾಗ ಡಾಕ್ಟರಮ್ಮ ಅವಳನ್ನು ನಿಲ್ಲಿಸಿ, ಹೊಕ್ಕುಳಿನ ಮೇಲೆ ಬೆರಳಿಟ್ಟು, ಜೋರಾಗಿ ಕೆಮ್ಮಿ ಅಂದರು. ಕೆಮ್ಮಿದಳು. ಏನೂ ಉಬ್ಬಲಿಲ್ಲ. ಇನ್ನೊಮ್ಮೆ, ಇನ್ನೂ ಜೋರಾಗಿ. ಹೊರಗೆ ಕಾಯುತ್ತಿದ್ದವರು ಬೆಚ್ಚಿಬೀಳುವಷ್ಟು ಕೆಮ್ಮಿದಳು.

"ಗಟ್ಟಿಯಾಗಿದೆ. ಹೋಗಿ, ನಿಮ್ಮ ಗಾಡಿ ಕಾಯ್ತಿದೆ."

ಆದರೆ ಅಷ್ಟರಲ್ಲಿ ಆಸ್ಪತ್ರೆಯ ದೊಡ್ಡ ಡಾಕ್ಟರ ಕೋಣೆಯಿಂದ ಒಂದು ಕಾಗದ ಬಂದಿತ್ತು. ದಿನಾ ಬೆಳಿಗ್ಗೆ ಮೊದಲ ಒಂದು ಗಂಟೆ ಗಾಡಿಯಕ್ಕ ಕಾಯುವ ಹಾಲಿನಲ್ಲಿ ರೋಗಿಗಳ ಜೊತೆ ಮಾತಾಡಬೇಕು, ಆಮೇಲೆ ಗಾಡಿಗೆ ಹೋಗಬೇಕು. ಅದನ್ನು ಓದಿ ಹೇಳಿದಾಗ ಅತ್ತೆ, "ಮಾತಾಡೋಕೆ ಕೆಲಸ ಕೊಟ್ರಾ? ನಿನ್ನ ಗಂಡ ಇಷ್ಟು ವರ್ಷ ಪುಕ್ಕಟೆ ಮಾಡ್ತಿದ್ದಾನಲ್ಲೇ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗಂಡ ಅಂಗಡಿಯಲ್ಲಿ ಈಗ ಯಾರಾದರೂ ಯಂತ್ರಮಾನವನ ಮಾತೆತ್ತಿದರೆ ಕತ್ತರಿ ನಿಲ್ಲಿಸಿ, ನನ್ನ ಹೆಂಡತಿಯನ್ನು ಕೇಳಿ ಬನ್ನಿ ಎನ್ನುತ್ತಾನೆ.

ಮುಂದಿನ ವರ್ಷ ಹೊಸದಾಗಿ ಕೆಲಸಕ್ಕೆ ಸೇರಿದ ಡಾಕ್ಟರುಗಳಿಗೆ ತರಬೇತಿ ನಡೆಯಿತು. ಮೂರನೇ ಮಹಡಿಯ ಸಭಾಂಗಣದಲ್ಲಿ ಮೂವತ್ತು ಜನ, ಇಸ್ತ್ರಿ ಮಾಡಿದ ಬಿಳಿ ಕೋಟು, ಕೈಯಲ್ಲಿ ಪೆನ್ನು. ಡಾಕ್ಟರಮ್ಮ ಎದ್ದು ನಿಂತು, ಮುಂದಿನ ಪಾಠ ಗಾಡಿಯಕ್ಕನದು ಎಂದರು. ಆ ಸಭಾಂಗಣದ ನೆಲವನ್ನು ಅವಳು ಎಷ್ಟೋ ಸಲ ಒರೆಸಿದ್ದಳು. ಅದರ ವೇದಿಕೆ ಹತ್ತಿದ್ದು ಅದೇ ಮೊದಲು.

ಮೊದಲ ಸಾಲಿನ ಒಬ್ಬ ಹುಡುಗಿ, ಕನ್ನಡಕ ಸರಿಮಾಡಿಕೊಳ್ಳುತ್ತ, ಎದ್ದು ಕೇಳಿದಳು. "ಮೇಡಂ, ನಾವು ಕೇಳಿದಾಗ ಇಲ್ಲ ಇಲ್ಲ ಅನ್ನೋರು, ನಿಮ್ಮ ಹತ್ರ ಮಾತ್ರ ಹೇಗೆ ಹೇಳ್ತಾರೆ?"

ಮೇಡಂ ಎಂದು ಯಾರೂ ಅವಳನ್ನು ಕರೆದಿರಲಿಲ್ಲ. ಅವಳು ಆ ಮಾತನ್ನು ಪೂರ್ತಿ ಕಿವಿತುಂಬ ಕೇಳಿಸಿಕೊಂಡಳು. ಆಮೇಲೆ ವೇದಿಕೆಯ ಮೇಲಿದ್ದ ಕುರ್ಚಿಯನ್ನು ಎತ್ತಿಕೊಂಡು ಕೆಳಗಿಳಿದು ಬಂದಳು, ಆ ಹುಡುಗಿಯ ಎದುರಿಗೆ ಹಾಕಿದಳು, ಮೊಣಕಾಲು ಮೊಣಕಾಲಿಗೆ ತಾಗುವಷ್ಟು ಹತ್ತಿರ ಕುಳಿತಳು.

"ಮೊದಲು ಕೂತ್ಕೋಬೇಕಮ್ಮ," ಎಂದಳು. "ನಿಂತ್ಕೊಂಡು ಕೇಳಿದ್ರೆ ಅವರಿಗೆ ನಿಮ್ಮ ಕಾಲು ಹೊರಡೋಕೆ ತಯಾರಾಗಿರೋದೇ ಕಾಣೋದು. ಕೂತ್ಕೊಳ್ಳಿ. ಆಮೇಲೆ ಪೆನ್ನು ಜೇಬಲ್ಲಿ ಇಡಿ."

ಮೂವತ್ತು ಪೆನ್ನುಗಳು ಜೇಬಿಗೆ ಹೋದವು.